ಕಾವಲು ನಾಯಿ ಮನೆಯವರನ್ನೇ ಕಚ್ಚಿದಾಗ

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಹೆಣ್ಣುಮಗಳು ಬರುತ್ತಾಳೆ. ವಯಸ್ಸು 26. ಅವಳ ಹೆಸರು ಇಲ್ಲಿ ಬೇಡ. ತಂಗಿ ಅಂತ ಕರೆಯೋಣ.

ಮೊದಲ ದಿನ ತಂಗಿ ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಕೂತಿದ್ದಳು. ರಾತ್ರಿ ಎಂಟು ಗಂಟೆ. ಬಿಸಿಲಿಲ್ಲ, ಗಾಳಿಯಿಲ್ಲ. ಸೆರಗು ಯಾಕಮ್ಮ ಅಂತ ಕೇಳಿದೆ. ಮಾತಾಡಲಿಲ್ಲ. ಸ್ಲೇಟು ಕೊಟ್ಟೆ. ಬಳಪ ಹಿಡಿಯೋಕೆ ಹೋದಳು, ಬೆರಳು ಮಡಿಸಲು ಆಗಲಿಲ್ಲ. ಬಳಪ ಕೆಳಗೆ ಬಿತ್ತು. ಅದನ್ನು ಎತ್ತಿಕೊಳ್ಳಲು ಬಗ್ಗಿದಾಗ ಸೆರಗು ಜಾರಿತು.

ಎರಡೂ ಕೆನ್ನೆಗಳ ಮೇಲೆ ಕೆಂಪಗೆ ದದ್ದು ಎದ್ದಿತ್ತು. ಮೂಗಿನ ಮೇಲೂ ಹಾದು ಹೋಗಿತ್ತು. ಚಿಟ್ಟೆಯೊಂದು ರೆಕ್ಕೆ ಬಿಚ್ಚಿ ಮುಖದ ಮೇಲೆ ಕೂತ ಹಾಗೆ.

ಪಕ್ಕದಲ್ಲಿ ಕೂತಿದ್ದವರು ಚಾಪೆಯ ಮೇಲೆ ಒಂದು ಮೊಳ ಆಚೆ ಸರಿದರು. ಒಬ್ಬ ಅಜ್ಜಿ ನನ್ನ ಕಿವಿಯ ಹತ್ತಿರ ಬಂದು ಕೇಳಿದರು: "ಟೀಚರ್, ಇದು ಅಂಟುತ್ತಾ?"

ಆಮೇಲೆ ತಂಗಿ ತನ್ನ ಕತೆ ಹೇಳಿದಳು. ಎರಡನೇ ಹೆರಿಗೆಯಾದ ಮೇಲೆ ಶುರುವಾಯಿತಂತೆ. ಬೆಳಿಗ್ಗೆ ಏಳುವಾಗ ಕೈಕಾಲಿನ ಕೀಲುಗಳೆಲ್ಲ ಬಿಗಿ. ರೊಟ್ಟಿ ತಟ್ಟಲು ಆಗದು, ಬಟ್ಟೆ ಹಿಂಡಲು ಆಗದು. ತಲೆ ಬಾಚಿದರೆ ಹಿಡಿ ಹಿಡಿ ಕೂದಲು ಬರುತ್ತಿತ್ತು. ಬಾಯಲ್ಲಿ ಹುಣ್ಣು. ಹೊಲದಲ್ಲಿ ಅರ್ಧ ದಿನ ಕಳೆ ಕಿತ್ತರೆ ಸಾಕು, ಸಂಜೆಗೆ ಮುಖ ಉರಿ, ಮೈಯೆಲ್ಲ ಜ್ವರ.

ಊರಿನವರು ಒಬ್ಬೊಬ್ಬರು ಒಂದೊಂದು ಹೇಳಿದರು. ನಾಗದೋಷ ಅಂದರು. ಯಾರೋ ಮಾಟ ಮಾಡಿಸಿದ್ದಾರೆ ಅಂದರು. ಕುಷ್ಠ ಅಂದವರೂ ಉಂಟು. ಕುಷ್ಠದ ಮಚ್ಚೆ ಬೇರೆ ತರಹ. ಅಲ್ಲಿ ಮುಟ್ಟಿದರೆ ಸ್ಪರ್ಶ ಗೊತ್ತಾಗುವುದಿಲ್ಲ. ಮೇಲಾಗಿ ಕುಷ್ಠಕ್ಕೆ ಒಳ್ಳೆ ಔಷಧಿ ಇದೆ, ವಾಸಿಯಾಗುತ್ತದೆ. ಆದರೆ ಆ ಹೊತ್ತಿನಲ್ಲಿ ಇದನ್ನೆಲ್ಲ ಕೇಳುವವರು ಯಾರು? ಗಂಡನ ಮನೆಯವರು ಅವಳಿಗೆ ಬೇರೆ ತಟ್ಟೆ, ಬೇರೆ ಲೋಟ ಇಟ್ಟರು. ಆಮೇಲೆ ತವರಿಗೆ ಬಿಟ್ಟು ಹೋದರು.

ಕೊನೆಗೆ ಅವಳ ಅಣ್ಣ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದ. ರಕ್ತ ಪರೀಕ್ಷೆ, ಮೂತ್ರ ಪರೀಕ್ಷೆ ಆಯಿತು. ಡಾಕ್ಟರು ರೋಗದ ಹೆಸರು ಹೇಳಿದರು: ಲೂಪಸ್. "ನಿನ್ನ ಮೈಯ ಕಾವಲು ಪಡೆ ನಿನ್ನ ಮೈ ಮೇಲೇ ಯುದ್ಧಕ್ಕೆ ನಿಂತಿದೆ ಕಣಮ್ಮ" ಅಂದರು.

ತಂಗಿ ನನ್ನನ್ನು ಕೇಳಿದ ಪ್ರಶ್ನೆ ಇದು: "ನನ್ನ ಮೈ ನನ್ನ ಮೇಲೇ ಯಾಕೆ ಟೀಚರ್ ಮುನಿಸ್ಕೊಂಡಿದೆ?"

ಆ ದಿನ ನನ್ನ ಹತ್ತಿರ ಉತ್ತರ ಇರಲಿಲ್ಲ. ಡಾಕ್ಟರನ್ನು ಕೇಳಿದೆ, ಪುಸ್ತಕ ಓದಿದೆ. ತಿಳಿದಷ್ಟನ್ನು ಇಲ್ಲಿ ಬರೆದಿದ್ದೇನೆ.

ತೋಳದ ಹೆಸರಿನ ರೋಗ

ಲೂಪಸ್ ಅಂದರೆ ಲ್ಯಾಟಿನ್ ಭಾಷೆಯಲ್ಲಿ ತೋಳ. ಹಿಂದಿನ ಕಾಲದ ಯುರೋಪಿನ ವೈದ್ಯರಿಗೆ ಮುಖದ ಹುಣ್ಣು ತೋಳ ಕಚ್ಚಿದ ಗಾಯದ ಹಾಗೆ ಕಂಡಿತಂತೆ. ಹೆಸರು ಹಾಗೇ ಉಳಿಯಿತು.

ಈ ರೋಗ ಬರುವ 10 ಜನರಲ್ಲಿ ಸುಮಾರು 9 ಜನ ಹೆಂಗಸರು. ಅದೂ ಮಕ್ಕಳನ್ನು ಹೆರುವ ವಯಸ್ಸಿನವರೇ ಹೆಚ್ಚು. ದುಡಿಯುವ, ಮಕ್ಕಳನ್ನು ಸಾಕುವ ಕಾಲಕ್ಕೇ ಬಂದು ಕೈಕಾಲು ಕಟ್ಟುತ್ತದೆ.

ಡಾಕ್ಟರುಗಳು ಇದನ್ನು ಸಂಯೋಜಕ ಅಂಗಾಂಶದ ರೋಗ ಅನ್ನುತ್ತಾರೆ. ದೊಡ್ಡ ಮಾತು. ಬಿಡಿಸಿ ಹೇಳುತ್ತೇನೆ. ಗೋಡೆ ಕಟ್ಟುವಾಗ ಇಟ್ಟಿಗೆ ಮಾತ್ರ ಇಟ್ಟರೆ ನಿಲ್ಲುತ್ತದೆಯೇ? ನಡುವೆ ಗಾರೆ ಬೇಕು. ನಮ್ಮ ಮೈಯಲ್ಲೂ ಹಾಗೆ. ಕೀಲುಗಳನ್ನು, ಚರ್ಮವನ್ನು, ರಕ್ತನಾಳಗಳನ್ನು ಹಿಡಿದು ನಿಲ್ಲಿಸುವ ಗಾರೆಯಂಥ ಭಾಗ ಇದೆ. ಅದೇ ಸಂಯೋಜಕ ಅಂಗಾಂಶ. ಗಾರೆ ಎಲ್ಲ ಕಡೆ ಇರುವುದರಿಂದ ರೋಗವೂ ಎಲ್ಲ ಕಡೆ ಕಾಣಿಸಿಕೊಳ್ಳುತ್ತದೆ. ಒಬ್ಬರಿಗೆ ಕೀಲಿನಲ್ಲಿ, ಒಬ್ಬರಿಗೆ ಚರ್ಮದಲ್ಲಿ, ಒಬ್ಬರಿಗೆ ಕಿಡ್ನಿಯಲ್ಲಿ, ಕೆಲವರಿಗೆ ಎಲ್ಲದರಲ್ಲೂ.

ಇದೇ ಬಳಗದ ಬೇರೆ ರೋಗಗಳೂ ಇವೆ. ಒಂದರಲ್ಲಿ ಚರ್ಮ ಗಟ್ಟಿಯಾಗಿ ಬಿಗಿದುಕೊಳ್ಳುತ್ತದೆ. ಇನ್ನೊಂದರಲ್ಲಿ ಕಣ್ಣು, ಬಾಯಿ ಒಣಗುತ್ತದೆ. ಬೆರಳುಗಳು ಸೊಟ್ಟಗಾಗುವ ಕೀಲುವಾತ ನಿಮಗೆ ಗೊತ್ತೇ ಇದೆ. ಎಲ್ಲದರಲ್ಲೂ ಮೂಲ ತಪ್ಪು ಒಂದೇ. ಮೈಯ ಕಾವಲು ಪಡೆ ತನ್ನವರನ್ನೇ ಹಗೆಯೆಂದು ತಿಳಿಯುತ್ತದೆ.

ಕಪ್ಪು ಕಂಬಳಿಯ ಕತೆ

ನಮ್ಮ ರಕ್ತದಲ್ಲಿ ಬಿಳಿ ರಕ್ತಕಣಗಳಿವೆ. ಮೈಯನ್ನು ಕಾಯುವುದು ಅವುಗಳ ಕೆಲಸ. ಗಾಯವಾಗಿ ಕೀವು ಬರುತ್ತದಲ್ಲ, ಅದರಲ್ಲಿ ಹೋರಾಡಿ ಸತ್ತ ಬಿಳಿ ಕಣಗಳು ರಾಶಿ ರಾಶಿ ಇರುತ್ತವೆ. ಕೆಲವು ಬಿಳಿ ಕಣಗಳು ಪ್ರತಿಕಾಯ ಎಂಬ ವಸ್ತುವನ್ನು ತಯಾರಿಸುತ್ತವೆ. ಅದು ಹಗೆಯ ಮೈಗೆ ಹೋಗಿ ಅಂಟುತ್ತದೆ. "ಇವನೇ ಕಳ್ಳ, ಹಿಡೀರಿ" ಅಂತ ಗುರುತು ಹಾಕಿದ ಹಾಗೆ.

ಹಗೆಯನ್ನು ಈ ಪಡೆ ಹೇಗೆ ಗುರುತಿಸುತ್ತದೆ? ಆಕಾರ ನೋಡಿ.

ಒಂದು ಕತೆ ಹೇಳುತ್ತೇನೆ. ಒಂದು ಮನೆ, ಒಂದು ಕಾವಲು ನಾಯಿ. ಒಂದು ರಾತ್ರಿ ಒಬ್ಬ ಬೇಲಿ ಹಾರಿ ಬಂದ. ಮೈತುಂಬ ಕಪ್ಪು ಕಂಬಳಿ ಹೊದ್ದಿದ್ದ. ನಾಯಿ ಹಿಡಿದು ಕಚ್ಚಿತು. ಅವತ್ತಿನಿಂದ ನಾಯಿಗೆ ಒಂದೇ ನೆನಪು: ಕಪ್ಪು ಕಂಬಳಿ ಅಂದರೆ ಕಳ್ಳ. ಚಳಿಗಾಲ ಬಂತು. ಮನೆಯ ಅಜ್ಜ ಕಪ್ಪು ಕಂಬಳಿ ಹೊದ್ದು ಅಂಗಳಕ್ಕೆ ಇಳಿದರು. ನಾಯಿ ಅಜ್ಜನ ಕಾಲಿಗೇ ಬಾಯಿ ಹಾಕಿತು.

ನಾಯಿ ಕೆಟ್ಟದ್ದೇ? ಅಲ್ಲ. ಅದು ತನ್ನ ಕೆಲಸವನ್ನೇ ಮಾಡಿತು. ಆದರೆ ಗುರುತು ತಪ್ಪಿತು.

ಇಂಥದ್ದು ಮೈಯೊಳಗೂ ನಡೆಯುತ್ತದೆ ಅಂತ ವೈದ್ಯರಿಗೆ ಬಹಳ ಕಾಲದಿಂದ ಗೊತ್ತು. ಒಂದು ಉದಾಹರಣೆ ನಮ್ಮ ಊರುಗಳಲ್ಲೇ ಇದೆ. 5ರಿಂದ 15 ವರ್ಷದ ಮಕ್ಕಳಿಗೆ ಗಂಟಲು ನೋವು ಬರುತ್ತದೆ. ಅದರಲ್ಲಿ ಕೆಲವು ಸ್ಟ್ರೆಪ್ಟೊಕಾಕಸ್ ಅನ್ನುವ ರೋಗಾಣುವಿನಿಂದ ಬರುವಂಥದ್ದು. ಗಂಟಲು ವಾಸಿಯಾಗುತ್ತದೆ. ಎರಡು ಮೂರು ವಾರ ಕಳೆದ ಮೇಲೆ ಕೆಲವು ಮಕ್ಕಳಿಗೆ ಜ್ವರ, ಮೊಣಕಾಲು ಊತ. ಇವತ್ತು ಈ ಕೀಲು, ನಾಳೆ ಆ ಕೀಲು. ಇದು ರುಮಾಟಿಕ್ ಜ್ವರ. ರೋಗಾಣುವಿನ ಮೈಮೇಲಿನ ಒಂದು ಭಾಗ ನಮ್ಮ ಹೃದಯದ ಭಾಗವನ್ನು ಹೋಲುತ್ತದೆ. ರೋಗಾಣುವನ್ನು ಹೊಡೆಯಲು ಹೊರಟ ಪಡೆ ಹೃದಯದ ಕವಾಟವನ್ನೂ ಹೊಡೆಯುತ್ತದೆ. ಅಂಥ ಮಕ್ಕಳಿಗೆ ಡಾಕ್ಟರು ಮೂರು ಅಥವಾ ನಾಲ್ಕು ವಾರಕ್ಕೊಂದು ಪೆನಿಸಿಲಿನ್ ಇಂಜೆಕ್ಷನ್ ಬರೆಯುತ್ತಾರೆ. ಎಷ್ಟೋ ವರ್ಷ ಅದನ್ನು ತಪ್ಪಿಸಬಾರದು. "ಮಗು ಚೆನ್ನಾಗೇ ಇದೆಯಲ್ಲ" ಅಂತ ಬಿಟ್ಟವರ ಮಕ್ಕಳು ಮತ್ತೆ ಕಾಯಿಲೆ ಬಿದ್ದು, ಕವಾಟ ಕೆಟ್ಟು, ಏದುಸಿರು ಬಿಡುವುದನ್ನು ಶಾಲೆಯಲ್ಲಿ ನೋಡಿದ್ದೇನೆ.

ಲೂಪಸ್‌ನಲ್ಲಿ ಆ ಕಪ್ಪು ಕಂಬಳಿ ಯಾವುದು? ಅದಕ್ಕೆ ಮೊದಲು ನಮ್ಮ ಮೈಯ ಬಾಡಿಗೆದಾರರ ಪರಿಚಯ ಆಗಬೇಕು.

ಮೈತುಂಬ ಬಾಡಿಗೆದಾರರು

ಹಾಲಿಗೆ ಹೆಪ್ಪು ಹಾಕುತ್ತೀರಿ. ಬೆಳಗಾಗುವಷ್ಟರಲ್ಲಿ ಮೊಸರು. ಇಡ್ಲಿ ಹಿಟ್ಟು ರುಬ್ಬಿ ಇಡುತ್ತೀರಿ. ಬೆಳಿಗ್ಗೆ ಉಬ್ಬಿ ಪಾತ್ರೆಯಿಂದ ಹೊರಗೆ. ಇದನ್ನು ಮಾಡುವವು ಕಣ್ಣಿಗೆ ಕಾಣದ ಜೀವಿಗಳು. ಹೆಸರು ಬ್ಯಾಕ್ಟೀರಿಯಾ.

ಬ್ಯಾಕ್ಟೀರಿಯಾ ಅಂದಕೂಡಲೇ ರೋಗ ಅಂತ ನಾವು ಶಾಲೆಯಲ್ಲಿ ಕಲಿಸಿಬಿಟ್ಟಿದ್ದೇವೆ. ಇದರಲ್ಲಿ ನಮ್ಮ ಮೇಷ್ಟ್ರುಗಳದ್ದೂ ತಪ್ಪಿದೆ. ರೋಗ ತರುವವು ಕೆಲವೇ ಕೆಲವು.

ಹಾಲೆಂಡ್ ದೇಶದ ಡೆಲ್ಫ್ಟ್ ಊರಿನಲ್ಲಿ ಲೇವನ್‌ಹುಕ್ ಅಂತ ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಕಾಲೇಜು ಓದಿದವನಲ್ಲ. ತಾನೇ ಗಾಜು ಉಜ್ಜಿ ಮಸೂರ ಮಾಡಿಕೊಂಡ. 1683ರಲ್ಲಿ ತನ್ನ ಹಲ್ಲಿನ ಸಂದಿನ ಕೊಳೆಯನ್ನು ಕೆರೆದು ಮಸೂರದ ಕೆಳಗೆ ಇಟ್ಟು ನೋಡಿದ. ಪುಟ್ಟ ಪುಟ್ಟ ಜೀವಿಗಳು ಓಡಾಡುತ್ತಿದ್ದವು! ಮನುಷ್ಯನ ಮೈಮೇಲೆ ಬೇರೆ ಜೀವಿಗಳು ಮನೆ ಮಾಡಿಕೊಂಡಿವೆ ಅಂತ ತಿಳಿದದ್ದು ಹೀಗೆ.

ಎಷ್ಟು ಇವೆ? 2016ರಲ್ಲಿ ವಿಜ್ಞಾನಿಗಳು ಒಂದು ಲೆಕ್ಕ ಹಾಕಿದರು. ಒಬ್ಬ ಮನುಷ್ಯನ ಮೈಯಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ. ನಮ್ಮ ಸ್ವಂತ ಜೀವಕೋಶಗಳು ಸುಮಾರು 30 ಲಕ್ಷ ಕೋಟಿ. ಅಂದರೆ ಮನೆ ಯಜಮಾನರಿಗಿಂತ ಬಾಡಿಗೆದಾರರೇ ಹೆಚ್ಚು! ಆದರೆ ಅವು ತೀರಾ ಚಿಕ್ಕವು. ಎಲ್ಲವನ್ನೂ ಒಟ್ಟು ತೂಗಿದರೆ 200 ಗ್ರಾಂ ಆಗಬಹುದು. ಒಂದು ಪಾವು ಅಕ್ಕಿಯಷ್ಟೂ ಇಲ್ಲ.

ಹೆಚ್ಚಿನವು ಇರುವುದು ದೊಡ್ಡ ಕರುಳಿನಲ್ಲಿ. ನಾವು ತಿಂದ ಸೊಪ್ಪು, ಕಾಳು, ರಾಗಿಯ ನಾರನ್ನು ನಮ್ಮ ಹೊಟ್ಟೆ ಅರಗಿಸಲಾರದು. ಇವು ಅರಗಿಸುತ್ತವೆ. ನಮಗೆ ಬೇಕಾದ ಕೆಲವು ಜೀವಸತ್ವಗಳನ್ನೂ ತಯಾರಿಸಿ ಕೊಡುತ್ತವೆ. ಬಾಡಿಗೆ ಕೊಟ್ಟ ಹಾಗೆ ಅನ್ನಿ.

ಚರ್ಮದ ಮೇಲೂ ಇವೆ. ಮುಖ, ಬೆನ್ನು ಮುಂತಾದ ಎಣ್ಣೆ ಜಿಡ್ಡಿನ ಜಾಗದಲ್ಲಿ ಒಂದು ಜಾತಿ. ಕಂಕುಳಿನ ಬೆವರಿನಲ್ಲಿ ಇನ್ನೊಂದು ಜಾತಿ. ಬೆವರಿಗೆ ತಾನಾಗಿ ವಾಸನೆ ಇಲ್ಲ. ವಾಸನೆ ಬರುವುದು ಈ ಬಾಡಿಗೆದಾರರು ಬೆವರನ್ನು ತಿನ್ನುವುದರಿಂದ. ಒಳ್ಳೆಯ ಬಾಡಿಗೆದಾರರು ಜಾಗ ತುಂಬಿಕೊಂಡಿದ್ದರೆ ಕೆಟ್ಟವರಿಗೆ ಕಾಲಿಡಲು ಸ್ಥಳ ಸಿಗುವುದಿಲ್ಲ.

ಮಗು ಹುಟ್ಟುವಾಗ ತಾಯಿಯಿಂದ ಮೊದಲ ಬಾಡಿಗೆದಾರರು ಬರುತ್ತಾರೆ. ಎದೆಹಾಲಿನ ಜೊತೆ ಇನ್ನಷ್ಟು. ಕಾವಲು ಪಡೆ ಎಳೆಯದಿರುವಾಗಲೇ ಅವುಗಳನ್ನು ನೋಡಿ ನೋಡಿ "ಇವರು ನಮ್ಮವರು, ಸುಮ್ಮನಿರಬೇಕು" ಅಂತ ಕಲಿಯುತ್ತದೆ. ಕರುಳಿನ ಒಳಗೋಡೆ ಎರಡರ ನಡುವಿನ ಬೇಲಿ. ಆಚೆ ಬಾಡಿಗೆದಾರರು, ಈಚೆ ಕಾವಲು ಪಡೆ. ಬೇಲಿ ಗಟ್ಟಿಯಿರುವವರೆಗೆ ಜಗಳವಿಲ್ಲ.

ಒಂದೇ ಕಂಬಳಿ ಹೊದ್ದವರು

ಈಗ ತಂಗಿಯ ಪ್ರಶ್ನೆಗೆ ಬರೋಣ.

ನಮ್ಮ ಜೀವಕೋಶಗಳ ಒಳಗೆ ರೋ60 ಅನ್ನುವ ಒಂದು ಪ್ರೋಟೀನು ಇದೆ. ಎಲ್ಲರಲ್ಲೂ ಇದೆ, ನಿಮ್ಮಲ್ಲೂ ನನ್ನಲ್ಲೂ. ಲೂಪಸ್ ಬಂದ ಎಷ್ಟೋ ಜನರ ರಕ್ತದಲ್ಲಿ ಈ ರೋ60ರ ವಿರುದ್ಧವೇ ಪ್ರತಿಕಾಯ ಕಾಣುತ್ತದೆ. ಕಾವಲು ಪಡೆ ಅದನ್ನು ಕಳ್ಳ ಅಂತ ಗುರುತು ಮಾಡಿಬಿಟ್ಟಿದೆ.

ಈ ತಪ್ಪು ಗುರುತು ಯಾವಾಗ ಶುರುವಾಗುತ್ತದೆ? ಅಮೆರಿಕದಲ್ಲಿ ಸೈನಿಕರ ರಕ್ತವನ್ನು ಪರೀಕ್ಷೆಗೆ ತೆಗೆದು ಕೂಡಿಡುತ್ತಾರೆ. ಆಮೇಲೆ ಲೂಪಸ್ ಬಂದ 130 ಜನರ ಹಳೆಯ ರಕ್ತವನ್ನು ಹುಡುಕಿ ತೆಗೆದು ನೋಡಿದರು. 115 ಜನರಲ್ಲಿ ರೋಗ ಗೊತ್ತಾಗುವ ಮೊದಲೇ ಇಂಥ ಪ್ರತಿಕಾಯಗಳಿದ್ದವು. ಕೆಲವರಲ್ಲಿ 9 ವರ್ಷಕ್ಕೂ ಮೊದಲು! ರೋ ವಿರುದ್ಧದ ಪ್ರತಿಕಾಯ ಎಲ್ಲಕ್ಕಿಂತ ಮುಂಚೆ ಬರುವವುಗಳಲ್ಲಿ ಒಂದು. ಈ ವಿಷಯ 2003ರಲ್ಲಿ ಪ್ರಕಟವಾಯಿತು. ಅಂದರೆ ಮುಖದ ಮೇಲೆ ಚಿಟ್ಟೆ ಕೂರುವುದಕ್ಕೆ ವರ್ಷಗಟ್ಟಲೆ ಮೊದಲೇ ಒಳಗೆ ಏನೋ ನಡೆದಿರುತ್ತದೆ. ತಂಗಿಯ ಹೆರಿಗೆ, ಅವಳು ಬಾಣಂತನದಲ್ಲಿ ತಿಂದದ್ದು, ದಾಟಿದ್ದು, ಮುಟ್ಟಿದ್ದು, ಯಾವುದನ್ನೂ ದೂರುವಂತಿಲ್ಲ.

ಆ "ಏನೋ" ಏನು? ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವಿಜ್ಞಾನಿಗಳಿಗೆ ಒಂದು ಯೋಚನೆ ಬಂತು. ರೋ60ರಂಥದೇ ಪ್ರೋಟೀನು ಕೆಲವು ಬ್ಯಾಕ್ಟೀರಿಯಾಗಳಲ್ಲೂ ಇದೆ. ಅಜ್ಜನ ಕಂಬಳಿಯ ಹಾಗೆ ಇನ್ನೊಂದು ಕಂಬಳಿ. ಆ ಬ್ಯಾಕ್ಟೀರಿಯಾ ಮನುಷ್ಯನ ಮೈಮೇಲೆ ಇವೆಯೇ? ಲೂಪಸ್ ರೋಗಿಗಳ ಚರ್ಮ, ಬಾಯಿ, ಮಲದಿಂದ ಮಾದರಿ ತೆಗೆದು ಹುಡುಕಿದರು. ಸಿಕ್ಕವು. ಚರ್ಮದಲ್ಲಿ, ಬಾಯಲ್ಲಿ, ಕರುಳಿನಲ್ಲಿ.

ಮುಂದೆ ಇನ್ನೊಂದು ಪರೀಕ್ಷೆ. ರೋಗಿಗಳ ರಕ್ತದಿಂದ ರೋ60ರ ಮೇಲೆ ಏರಿ ಹೋಗುವ ಬಿಳಿ ಕಣಗಳನ್ನು ಬೇರೆ ಮಾಡಿದರು. ಅವುಗಳ ಮುಂದೆ ಬ್ಯಾಕ್ಟೀರಿಯಾದ ಪ್ರೋಟೀನನ್ನು ಇಟ್ಟರು. ಅದರ ಮೇಲೂ ಏರಿ ಹೋದವು! ಎರಡು ಕಂಬಳಿಗಳ ನಡುವಿನ ವ್ಯತ್ಯಾಸ ಅವಕ್ಕೆ ತಿಳಿಯಲಿಲ್ಲ.

ಮೂರನೆಯದು ಇಲಿಗಳ ಮೇಲೆ. ಒಂದೇ ಒಂದು ಬ್ಯಾಕ್ಟೀರಿಯಾ ಕೂಡ ಇಲ್ಲದ ಹಾಗೆ ಮುಚ್ಚಿದ ಪೆಟ್ಟಿಗೆಯಲ್ಲಿ ಇಲಿ ಸಾಕುತ್ತಾರೆ. ಅಂಥ ಇಲಿಗಳ ಕರುಳಿಗೆ ಈ ಕಂಬಳಿ ಹೊದ್ದ ಒಂದು ಬ್ಯಾಕ್ಟೀರಿಯಾ ಬಿಟ್ಟರು. ಅದರ ಹೆಸರು ಬ್ಯಾಕ್ಟೀರಾಯ್ಡಿಸ್ ಥೀಟಾಅಯೋಟಾಮೈಕ್ರಾನ್. (ಇದನ್ನು ಓದಲು ನನಗೇ ಮೂರು ಸಲ ಬೇಕಾಯಿತು. ಬಿಟ್ಟು ಮುಂದೆ ಓದಿ, ಯಾರೂ ಕೇಳುವುದಿಲ್ಲ.) ಸ್ವಲ್ಪ ಕಾಲದ ಮೇಲೆ ಇಲಿಗಳ ಕಾವಲು ಪಡೆ ಮನುಷ್ಯರ ರೋ60ರ ವಿರುದ್ಧವೂ ತಿರುಗಿತು. ಕಿಡ್ನಿಯಲ್ಲಿ ಲೂಪಸ್‌ನ ಆರಂಭದ ಗುರುತುಗಳು ಕಂಡವು. ಇದು 2018ರ ಸುದ್ದಿ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಒಂದು ಮಾತನ್ನು ಎರಡು ಸಲ ಓದಿ. ಈ ಬ್ಯಾಕ್ಟೀರಿಯಾ ರೋಗವಿಲ್ಲದ ಜನರಲ್ಲೂ ಇವೆ. ಬಹುಶಃ ನನ್ನ ಹೊಟ್ಟೆಯಲ್ಲೂ ಇರಬಹುದು. ಹಾಗಾದರೆ ನನಗೆ ಯಾಕೆ ಲೂಪಸ್ ಇಲ್ಲ? ಯಾಕೆಂದರೆ ಕಂಬಳಿ ಒಂದೇ ಸಾಲದು. ಬೇಗ ರೇಗುವ ಸ್ವಭಾವ ನಾಯಿಗೂ ಇರಬೇಕು. ಆ ಸ್ವಭಾವ ಕೆಲವರಿಗೆ ಹುಟ್ಟಿನಿಂದ ಬರುತ್ತದೆ, ಹೆತ್ತವರಿಂದ. ಹೆಂಗಸರ ಮೈಯ ರಚನೆಗೂ ಅದರಲ್ಲಿ ಪಾಲಿದೆ. ಬಿಸಿಲು ಸೇರುತ್ತದೆ. ಹಲವು ಕಾರಣ ಕೂಡಿದಾಗ ರೋಗ.

ಬೇಲಿ ಮುರಿದರೆ

ಅದೇ 2018ರಲ್ಲಿ ಯೇಲ್‌ನವರೇ ಇನ್ನೊಂದು ವಿಷಯ ಹೇಳಿದರು. ಕರುಳಿನಲ್ಲಿ ಎಂಟರೋಕಾಕಸ್ ಗ್ಯಾಲಿನೇರಮ್ ಅನ್ನುವ ಬ್ಯಾಕ್ಟೀರಿಯಾ ಇರುತ್ತದೆ. ಲೂಪಸ್‌ನಂಥ ರೋಗ ಬರುವ ಜಾತಿಯ ಇಲಿಗಳಲ್ಲಿ ಇದು ಕರುಳಿನ ಗೋಡೆ ದಾಟಿ ಈಚೆ ಬರುತ್ತದೆ. ಯಕೃತ್ತಿನವರೆಗೂ ಹೋಗಿ ಕೂರುತ್ತದೆ. ಬಾಡಿಗೆದಾರ ಬೇಲಿ ಹಾರಿ ನಡುಮನೆಗೆ ಬಂದರೆ ನಾಯಿ ಸುಮ್ಮನಿರುತ್ತದೆಯೇ? ಪಡೆ ಎದ್ದು ನಿಲ್ಲುತ್ತದೆ, ಸಿಕ್ಕಸಿಕ್ಕವರ ಮೇಲೆ ಎರಗುತ್ತದೆ. ಲೂಪಸ್ ಇರುವ ಕೆಲವು ಮನುಷ್ಯರ ಯಕೃತ್ತಿನ ಚೂರಿನಲ್ಲೂ ಇದೇ ಬ್ಯಾಕ್ಟೀರಿಯಾ ಸಿಕ್ಕಿತು. ಇಲಿಗಳಿಗೆ ಈ ಬ್ಯಾಕ್ಟೀರಿಯಾದ ವಿರುದ್ಧ ಲಸಿಕೆ ಹಾಕಿದಾಗ ರೋಗ ತಗ್ಗಿತು. ಇಲಿಗಳಿಗೆ, ನೆನಪಿರಲಿ.

2019ರಲ್ಲಿ ನ್ಯೂಯಾರ್ಕಿನ ವೈದ್ಯರು ಲೂಪಸ್ ಇರುವ 61 ಹೆಂಗಸರ ಮಲ ಪರೀಕ್ಷೆ ಮಾಡಿದರು. ರುಮಿನೊಕಾಕಸ್ ನೇವಸ್ ಅನ್ನುವ ಒಂದು ಬ್ಯಾಕ್ಟೀರಿಯಾ ಆರೋಗ್ಯವಂತರಲ್ಲಿ ಇರುವುದಕ್ಕಿಂತ ಸುಮಾರು 5 ಪಟ್ಟು ಹೆಚ್ಚಿತ್ತು. ಕಿಡ್ನಿಗೆ ತೊಂದರೆ ಆಗಿದ್ದವರಲ್ಲಿ ಅದರ ಸುಳಿವು ಇನ್ನೂ ಜೋರಾಗಿತ್ತು.

ಅದು ಹೆಚ್ಚಾದದ್ದರಿಂದ ರೋಗ ಬಂತೋ, ರೋಗ ಬಂದದ್ದರಿಂದ ಅದು ಹೆಚ್ಚಾಯಿತೋ? ಬರೀ ಎಣಿಸಿ ನೋಡಿದರೆ ಇದು ತಿಳಿಯುವುದಿಲ್ಲ. ಕೆರೆಯಲ್ಲಿ ಮೀನು ಸತ್ತಿದೆ, ನೀರು ನಾರುತ್ತಿದೆ. ನಾರುವ ನೀರಿನಿಂದ ಮೀನು ಸತ್ತಿತೋ, ಸತ್ತ ಮೀನಿನಿಂದ ನೀರು ನಾರಿತೋ? ಹಾಗೆ.

ಬಿಸಿಲು ಏನು ಮಾಡುತ್ತದೆ?

ತಂಗಿಗೆ ಹೊಲದ ಕೆಲಸ ಆದ ದಿನವೇ ಯಾಕೆ ಹೆಚ್ಚಾಗುತ್ತಿತ್ತು? ಇದಕ್ಕೆ ಉತ್ತರ ಚೆನ್ನಾಗಿ ಗೊತ್ತಿದೆ.

ರೋ60 ಇರುವುದು ಜೀವಕೋಶದ ಒಳಗೆ. ಮನೆಯೊಳಗೆ ಪೆಟ್ಟಿಗೆಯಲ್ಲಿ ಮಡಿಸಿಟ್ಟ ಕಂಬಳಿ. ನಾಯಿಗೆ ಕಾಣುವುದಿಲ್ಲ. ಬಿರುಬಿಸಿಲಿನಲ್ಲಿರುವ ಕಣ್ಣಿಗೆ ಕಾಣದ ನೇರಳಾತೀತ ಕಿರಣ ಚರ್ಮದ ಜೀವಕೋಶಗಳನ್ನು ಸುಡುತ್ತದೆ. ಸಾಯುವ ಜೀವಕೋಶದ ಒಳಗಿನ ರೋ60 ಮೇಲಕ್ಕೆ ಬಂದು ಹೊರಮೈಯಲ್ಲಿ ಕಾಣಿಸಿಕೊಳ್ಳುತ್ತದೆ. ಕಂಬಳಿಯನ್ನು ಅಂಗಳದ ಹಗ್ಗದ ಮೇಲೆ ಒಣಹಾಕಿದ ಹಾಗೆ. ಈಗ ನಾಯಿಗೆ ಕಂಡಿತು.

ದದ್ದು ಎದ್ದ ಚರ್ಮದ ಮೇಲೆ ಸ್ಟೆಫೈಲೊಕಾಕಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಸುಲಭವಾಗಿ ಬೀಡು ಬಿಡುತ್ತದೆ. ಕುರು, ಕೀವು ಮಾಡುವುದು ಇದೇ. ಅದು ಕೂತರೆ ಉರಿ ಹೆಚ್ಚುತ್ತದೆ, ಉರಿ ಹೆಚ್ಚಿದರೆ ಅದಕ್ಕೆ ಇನ್ನೂ ಅನುಕೂಲ. ಆದ್ದರಿಂದ ದದ್ದನ್ನು ಕೆರೆಯಬಾರದು, ಸೊಪ್ಪು ಅರೆದು ಮೆತ್ತಬಾರದು, ಅಂಗಡಿಯ ಮುಲಾಮು ತಂದು ಬಳಿಯಬಾರದು.

ತಂಗಿ ಮಾಡಿದ ತಪ್ಪು

ಆಸ್ಪತ್ರೆಯಲ್ಲಿ ತಂಗಿಗೆ ಎರಡು ತರಹದ ಮಾತ್ರೆ ಕೊಟ್ಟರು. ಒಂದು ಹೈಡ್ರಾಕ್ಸಿಕ್ಲೋರೋಕ್ವಿನ್. ಇನ್ನೊಂದು ಸ್ಟೀರಾಯ್ಡ್. ಎರಡು ತಿಂಗಳಲ್ಲಿ ಮುಖ ತಿಳಿಯಾಯಿತು. ಬೆರಳು ಮಡಿಸಲು ಬಂತು. ಅವಳು ತನ್ನ ಹೆಸರು ಬರೆಯಲು ಕಲಿತದ್ದು ಆಗಲೇ.

ಆಗ ಯಾರೋ ಒಬ್ಬರು ಹೇಳಿದರು. "ಇದೆಲ್ಲ ಹೊಟ್ಟೆಯ ಕ್ರಿಮಿಯಿಂದ ಬರೋದಂತೆ. ಪೇಪರ್‌ನಲ್ಲಿ ಬಂದಿದೆ. ಹೊಟ್ಟೆ ತೊಳೆದರೆ ರೋಗ ಹೋಗುತ್ತೆ." ತಂಗಿ ಮಾತ್ರೆಗಳನ್ನು ಒಂದೇ ಸಲಕ್ಕೆ ಬಿಟ್ಟಳು. ಮೂರು ದಿನ ಭೇದಿ ಔಷಧಿ ಕುಡಿದಳು. ಮೆಡಿಕಲ್ ಶಾಪಿನಿಂದ ಆಂಟಿಬಯೋಟಿಕ್ ಕ್ಯಾಪ್ಸೂಲ್ ತಂದು ನುಂಗಿದಳು.

ಮೂರು ವಾರ ಅವಳು ತರಗತಿಗೆ ಬರಲಿಲ್ಲ. ಮನೆಗೆ ಹೋಗಿ ನೋಡಿದೆ. ಕಾಲು ಊದಿಕೊಂಡಿತ್ತು. ಕಣ್ಣಿನ ಕೆಳಗೆ ಬಾವು. ಮೂತ್ರದಲ್ಲಿ ಸೋಪಿನ ನೊರೆಯಂಥ ನೊರೆ ಬರುತ್ತಿದೆ ಅಂದಳು. ಅವತ್ತೇ ಅವಳ ಅಣ್ಣನ ಜೊತೆ ಬಸ್ಸು ಹತ್ತಿಸಿದೆ. ರೋಗ ಕಿಡ್ನಿಗೆ ಇಳಿದಿತ್ತು. 19 ದಿನ ಆಸ್ಪತ್ರೆಯಲ್ಲಿದ್ದಳು.

ನನಗೆ ಸಿಟ್ಟು ಬಂದದ್ದು ತಂಗಿಯ ಮೇಲಲ್ಲ. ಅರ್ಧ ಸುದ್ದಿಯನ್ನು ಪೂರ್ತಿ ಔಷಧಿ ಮಾಡಿ ಹಂಚುವವರ ಮೇಲೆ. ಮೇಲೆ ನಾನು ಬರೆದದ್ದನ್ನು ಓದಿ ನೀವೂ ಹಾಗೆ ಮಾಡಬಾರದು. ಅದಕ್ಕೇ ಬಿಡಿಸಿ ಹೇಳುತ್ತೇನೆ.

ಬ್ಯಾಕ್ಟೀರಿಯಾಗೂ ಲೂಪಸ್‌ಗೂ ನಂಟಿದೆ ಅಂತ ತಿಳಿದಿದೆ. ಆದರೆ ಆಂಟಿಬಯೋಟಿಕ್ ಲೂಪಸ್‌ಗೆ ಮದ್ದಲ್ಲ. ಅದು ಕಂಬಳಿ ಹೊದ್ದವನನ್ನು ಮಾತ್ರ ಹುಡುಕಿ ಹೊಡೆಯುವುದಿಲ್ಲ. ಕೇರಿಗೇ ಬೆಂಕಿ ಇಡುತ್ತದೆ. ಒಳ್ಳೆಯ ಬಾಡಿಗೆದಾರರೂ ಸಾಯುತ್ತಾರೆ. ಮೇಲಾಗಿ ಸಲ್ಫಾ ಜಾತಿಯ ಆಂಟಿಬಯೋಟಿಕ್‌ಗಳಿಂದ ಲೂಪಸ್ ಕೆರಳುವುದೂ ಉಂಟು. ಭೇದಿ ಔಷಧಿ ಕುಡಿದು ಹೊಟ್ಟೆ ತೊಳೆದರೆ ನೀರು, ಉಪ್ಪು ಹೋಗಿ ಸುಸ್ತಾಗುತ್ತದೆ, ಅಷ್ಟೇ. ಮೊಸರು, ಮಜ್ಜಿಗೆ, ಸೊಪ್ಪು, ಕಾಳು ಒಳ್ಳೆಯ ಊಟ. ತಿನ್ನಿ. ಮಾತ್ರೆಯ ಬದಲಿಗೆ ಅಲ್ಲ, ಮಾತ್ರೆಯ ಜೊತೆಗೆ.

ಮತ್ತೆ ಆ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಯ ವಿಷಯ. ಅದು ಮಲೇರಿಯಾ ಮಾತ್ರೆಗಳ ಬಳಗದ್ದು. ಮಲೇರಿಯಾಕ್ಕೆ ಮೊದಲು ಸಿಂಕೋನಾ ಮರದ ತೊಗಟೆಯ ಕ್ವಿನೈನ್ ಕೊಡುತ್ತಿದ್ದರು. ಎರಡನೇ ಮಹಾಯುದ್ಧದ ಕಾಲಕ್ಕೆ ಸೈನಿಕರಿಗೆ ಬೇರೆ ಮಾತ್ರೆ ಬಂತು. 1951ರಲ್ಲಿ ಇಂಗ್ಲೆಂಡಿನ ಒಬ್ಬ ವೈದ್ಯರು ಅದೇ ಮಲೇರಿಯಾ ಮಾತ್ರೆ ಲೂಪಸ್‌ಗೂ ಒಗ್ಗುತ್ತದೆ ಅಂತ ಬರೆದರು. ಈಗಿನ ಮಾತ್ರೆ ಅದರ ಸುಧಾರಿಸಿದ ತಮ್ಮ. "ನನಗೆ ಮಲೇರಿಯಾ ಇಲ್ಲ, ತಪ್ಪು ಮಾತ್ರೆ ಕೊಟ್ಟಿದ್ದಾರೆ" ಅಂತ ಬಿಸಾಡಬೇಡಿ. ಅದು ರೇಗುವ ನಾಯಿಯನ್ನು ಸಮಾಧಾನ ಮಾಡುತ್ತದೆ, ಕೊಲ್ಲುವುದಿಲ್ಲ. ಬಹಳ ವರ್ಷ ತಿಂದರೆ ಕೆಲವರಿಗೆ ಕಣ್ಣಿನ ಹಿಂಪದರಕ್ಕೆ ತೊಂದರೆ ಆಗಬಹುದು. ಆದ್ದರಿಂದ ಡಾಕ್ಟರು ಹೇಳಿದಾಗ ಕಣ್ಣು ತೋರಿಸಬೇಕು.

ಸ್ಟೀರಾಯ್ಡ್ ಮಾತ್ರೆಯನ್ನು ತಾನಾಗಿ ಒಮ್ಮೆಲೇ ನಿಲ್ಲಿಸಬಾರದು. ಮೈ ತಾನೇ ಅಂಥ ವಸ್ತುವನ್ನು ತಯಾರಿಸುತ್ತದೆ. ಮಾತ್ರೆ ತಿನ್ನುವಾಗ ಆ ಕೆಲಸ ನಿಂತಿರುತ್ತದೆ. ಥಟ್ಟನೆ ಬಿಟ್ಟರೆ ಪ್ರಾಣಕ್ಕೇ ಬರಬಹುದು. ಡಾಕ್ಟರು ನೋಡಿ ನೋಡಿ ಸ್ವಲ್ಪ ಸ್ವಲ್ಪವೇ ಇಳಿಸುತ್ತಾರೆ.

ಮೂತ್ರ ಪರೀಕ್ಷೆ ಮರೆಯಬೇಡಿ. ಕಿಡ್ನಿ ನೋಯದೆಯೇ ಕೆಡುತ್ತದೆ. ಮೂತ್ರದಲ್ಲಿ ಪ್ರೋಟೀನು ಹೋಗುತ್ತಿದೆಯೇ ಅಂತ ನೋಡಿದರೆ ಮೊದಲೇ ತಿಳಿಯುತ್ತದೆ.

ಬಸುರಿಯಾಗುವ ಮುಂಚೆ ಡಾಕ್ಟರಿಗೆ ಹೇಳಬೇಕು. ರೋ ಪ್ರತಿಕಾಯ ಇರುವ ತಾಯಂದಿರ 100 ಮಕ್ಕಳಲ್ಲಿ ಒಂದೆರಡು ಮಕ್ಕಳಿಗೆ ಹೊಟ್ಟೆಯಲ್ಲಿರುವಾಗಲೇ ಎದೆಬಡಿತ ನಿಧಾನವಾಗುವ ತೊಂದರೆ ಬರುತ್ತದೆ. ಉಳಿದ 98 ಮಕ್ಕಳಿಗೆ ಅದು ಬರುವುದಿಲ್ಲ. ಹೆದರಿ ಕೂರುವ ವಿಷಯವಲ್ಲ, ಆದರೆ ಮುಚ್ಚಿಡುವ ವಿಷಯವೂ ಅಲ್ಲ.

ಬಿಸಿಲಿಗೆ ಕೊಡೆ, ತುಂಬು ತೋಳಿನ ರವಿಕೆ, ತಲೆಯ ಮೇಲೆ ದಪ್ಪ ಸೆರಗು. ಕೂಲಿಗೆ ಹೋಗುವವರಿಗೆ "ಬಿಸಿಲಿಗೆ ಹೋಗಬೇಡ" ಅನ್ನುವುದು ಸುಲಭ, ಹೊಟ್ಟೆ ಕೇಳಬೇಕಲ್ಲ. ತಂಗಿ ಈಗ ಬೆಳಿಗ್ಗೆ ಒಂಬತ್ತರೊಳಗೆ ಒಂದು ಹೊತ್ತು, ಸಂಜೆ ನಾಲ್ಕರ ಮೇಲೆ ಒಂದು ಹೊತ್ತು ಕೆಲಸ ಮಾಡುತ್ತಾಳೆ. ನಡುವೆ ನೆರಳಿನಲ್ಲಿ ಕಡಲೆಕಾಯಿ ಸುಲಿಯುತ್ತಾಳೆ. ಕೂಲಿ ಕಡಿಮೆ ಬರುತ್ತದೆ. ಅದು ನಿಜ.

ಅಜ್ಜಿಯ ಪ್ರಶ್ನೆ

ಅಜ್ಜಿಗೆ ನಾನು ಉತ್ತರ ಕೊಡಬೇಕಿತ್ತು. ಒಂದು ಸಂಜೆ ಎಲ್ಲರ ಎದುರಿಗೇ ಹೇಳಿದೆ. "ಅಜ್ಜಿ, ಲೂಪಸ್ ಅಂಟುವುದಿಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ ಅಂಟುವುದಿಲ್ಲ. ಮಗುವಿಗೆ ಮುತ್ತು ಕೊಟ್ಟರೂ ಅಂಟುವುದಿಲ್ಲ. ಒಂದೇ ಹಾಸಿಗೆಯಲ್ಲಿ ಮಲಗಿದರೂ ಅಂಟುವುದಿಲ್ಲ."

ಅಜ್ಜಿ ಬಿಡಲಿಲ್ಲ. "ಅಲ್ಲ ಟೀಚರ್, ಬ್ಯಾಕ್ಟೀರಿಯಾ ಇದೆ ಅಂದ್ರಿ. ಬ್ಯಾಕ್ಟೀರಿಯಾ ಅಂಟಲ್ವಾ?"

ಒಳ್ಳೆಯ ಪ್ರಶ್ನೆ. ನಾನು ಹೇಳಿದೆ: "ಆ ಬ್ಯಾಕ್ಟೀರಿಯಾ ನಿಮ್ಮ ಮೈಯಲ್ಲೂ ಆಗಲೇ ಇರಬಹುದು ಅಜ್ಜಿ. ತಂಗಿಯಿಂದ ಬರಬೇಕಾಗಿಲ್ಲ. ತಪ್ಪು ಬ್ಯಾಕ್ಟೀರಿಯಾದ್ದಲ್ಲ. ತಂಗಿಯ ಕಾವಲು ಪಡೆ ಗುರುತು ತಪ್ಪಿದೆ. ಅವಳ ನಾಯಿ ಅವಳ ಅಂಗಳದಲ್ಲೇ ಇರುತ್ತೆ, ನಿಮ್ಮ ಮನೆಗೆ ಬರಲ್ಲ."

ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿದರು. "ಹಂಗಾದ್ರೆ ಅವಳ ಗಂಡನ ಮನೆಯೋರಿಗೆ ಇದನ್ನ ಯಾರು ಹೇಳೋರು?" ಅಂದರು.

ಅದಕ್ಕೆ ತಂಗಿಯೇ ಉತ್ತರ ಕೊಟ್ಟಳು. "ನಾನೇ ಕಾಗದ ಬರೀತೀನಿ" ಅಂದಳು. ಒತ್ತಕ್ಷರ ಇನ್ನೂ ಸರಿಯಾಗಿ ಬಾರದು. ಬೆಳಗಿನ ಹೊತ್ತು ಬೆರಳು ಬಿಗಿಯಿರುತ್ತದೆ, ರಾತ್ರಿ ಕೂತು ದಿನಕ್ಕೆ ಎರಡು ಸಾಲು ಬರೆದಳು. ಎಂಟು ದಿನ ಹಿಡಿಯಿತು. ಕಾಗದ ಹಾಕಿ ತಿಂಗಳಾಗಿದೆ. ಅಲ್ಲಿಂದ ಇನ್ನೂ ಉತ್ತರ ಬಂದಿಲ್ಲ. ಮುಂದಿನ ಮೂತ್ರ ಪರೀಕ್ಷೆಯ ತಾರೀಖನ್ನು ಮಾತ್ರ ಅವಳು ತನ್ನ ಅಡುಗೆಮನೆಯ ಗೋಡೆಯ ಮೇಲೆ ಬಳಪದಲ್ಲಿ ದೊಡ್ಡದಾಗಿ ಬರೆದುಕೊಂಡಿದ್ದಾಳೆ.